ಓದುಗರ ಪ್ರಶ್ನೆಗೆ ಉತ್ತರ: ಹಾಸಿಗೆ ಇದೆ, ಸಿಬ್ಬಂದಿ ಎಲ್ಲಿ?

ಆಸ್ಪತ್ರೆಗಳಲ್ಲಿನ ಸಿಬ್ಬಂದಿ ಕೊರತೆಯ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಹಿಂದಿನ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ರೋಗಿಗಳ ಮನೆಯವರಿಂದ ಬಂದಷ್ಟೇ ಪತ್ರಗಳು ವಾರ್ಡುಗಳಲ್ಲಿ ದುಡಿಯುವವರಿಂದಲೂ ಬಂದಿವೆ. ಅವುಗಳಲ್ಲಿ ಕೆಲವನ್ನು ಆಯ್ದು, ಬರೆದವರ ಹೆಸರು ಮತ್ತು ಆಸ್ಪತ್ರೆಯ ಹೆಸರನ್ನು ಬಿಟ್ಟು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ತಾಲ್ಲೂಕು ಆಸ್ಪತ್ರೆಗೆ ಹೊಸ ಕಟ್ಟಡವಿದೆ, ಆಪರೇಷನ್ ಥಿಯೇಟರ್ ಇದೆ, ಹೆರಿಗೆ ತಜ್ಞೆಯೂ ಇದ್ದಾರೆ. ಆದರೂ ನನ್ನ ತಂಗಿಗೆ ರಾತ್ರಿ ಹೆರಿಗೆ ಕಷ್ಟವಾದಾಗ ಅರಿವಳಿಕೆ ವೈದ್ಯರಿಲ್ಲವೆಂದು ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದರು. ರಾಜ್ಯದಲ್ಲಿ ಇಷ್ಟೊಂದು ಮೆಡಿಕಲ್ ಕಾಲೇಜುಗಳಿದ್ದೂ ಒಬ್ಬ ವೈದ್ಯರು ಸಿಗುವುದಿಲ್ಲವೇಕೆ? (ರಾಯಚೂರು ಜಿಲ್ಲೆಯ ಓದುಗರು)

ನಿಮ್ಮ ತಂಗಿ ಮತ್ತು ಮಗು ಕ್ಷೇಮವಾಗಿದ್ದಾರೆಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅದನ್ನು ಓದಿ ಸಮಾಧಾನವಾಯಿತು.

ಎಂಬಿಬಿಎಸ್ ಸೀಟುಗಳ ಸಂಖ್ಯೆಯಲ್ಲಿ ಕರ್ನಾಟಕ ದೇಶದ ಮುಂಚೂಣಿ ರಾಜ್ಯಗಳಲ್ಲಿ ಒಂದು ಎಂಬುದು ನಿಜ. ಆದರೆ ಎಂಬಿಬಿಎಸ್ ಮುಗಿಸಿದವರು ಸಿಸೇರಿಯನ್ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವಂತಿಲ್ಲ. ಅದಕ್ಕೆ ಮುಂದಿನ ವ್ಯಾಸಂಗ ಅಥವಾ ವಿಶೇಷ ತರಬೇತಿ ಬೇಕು. ಹೀಗೆ ತಜ್ಞರಾದವರಿಗೆ ದೊಡ್ಡ ಊರಿನಲ್ಲಿ ನಾಲ್ಕಾರು ಖಾಸಗಿ ಆಸ್ಪತ್ರೆಗಳಿಗೆ ಕರೆದಾಗ ಹೋಗಿ ಕೆಲಸ ಮಾಡಿ ಬರುವ ಅವಕಾಶವಿರುತ್ತದೆ. ಸರ್ಕಾರದ ನಿಗದಿತ ವೇತನ ಆ ಗಳಿಕೆಗೆ ಸಾಟಿಯಾಗುವುದಿಲ್ಲ.

ಹಣದಷ್ಟೇ ದೊಡ್ಡದಾದ ಇನ್ನೊಂದು ಕಾರಣವಿದೆ, ಅದನ್ನು ಯಾರೂ ಹೆಚ್ಚಾಗಿ ಹೇಳುವುದಿಲ್ಲ. ವಾರಕ್ಕೆ 168 ಗಂಟೆಗಳು. ಒಬ್ಬ ವ್ಯಕ್ತಿ ವಾರಕ್ಕೆ 48 ಗಂಟೆ ದುಡಿದರೆ ಹಗಲು ರಾತ್ರಿ ಒಂದು ಸೇವೆ ತಪ್ಪದೆ ಸಿಗಲು ಮೂರೂವರೆ ಜನ ಬೇಕು. ರಜೆಯನ್ನೂ ಲೆಕ್ಕಕ್ಕೆ ಹಿಡಿದರೆ ನಾಲ್ವರಾದರೂ ಬೇಕು. ನಮ್ಮ ತಾಲ್ಲೂಕು ಮಟ್ಟದಲ್ಲಿ ಮಾತ್ರ ಅರಿವಳಿಕೆಗೆ ಸಾಮಾನ್ಯವಾಗಿ ಒಂದೋ ಎರಡೋ ಹುದ್ದೆ ಮಂಜೂರಾಗಿರುತ್ತದೆ. ಒಂದು ಹುದ್ದೆ ಇದ್ದಲ್ಲಿ ಅದು ಭರ್ತಿಯಾಗಿದ್ದರೂ ವಾರದ 168 ಗಂಟೆಗಳಲ್ಲಿ 120 ಗಂಟೆ ಆ ಸೇವೆ ಕಾಗದದ ಮೇಲೆ ಮಾತ್ರ ಇರುತ್ತದೆ. ಇಲ್ಲವೇ ಆ ಒಬ್ಬರೇ ವೈದ್ಯರು ತಿಂಗಳಿಡೀ ಫೋನ್ ಪಕ್ಕದಲ್ಲಿಟ್ಟುಕೊಂಡು ಮಲಗಬೇಕು, ಊರು ಬಿಟ್ಟು ಒಂದು ಮದುವೆಗೂ ಹೋಗುವಂತಿಲ್ಲ. ಎರಡು ವರ್ಷ ಹಾಗೆ ದುಡಿದವರು ಮೂರನೆಯ ವರ್ಷ ರಾಜೀನಾಮೆ ಕೊಟ್ಟರೆ ಅವರನ್ನು ದೂರುವುದು ನನಗೆ ಸಾಧ್ಯವಾಗುವುದಿಲ್ಲ.

ಅಲ್ಲದೆ ತಜ್ಞ ವೈದ್ಯರು ಒಬ್ಬೊಬ್ಬರೇ ಕೆಲಸ ಮಾಡುವವರಲ್ಲ. ತಾಲ್ಲೂಕು ಆಸ್ಪತ್ರೆಗಿಂತ ಚಿಕ್ಕದಾದ ಸಮುದಾಯ ಆರೋಗ್ಯ ಕೇಂದ್ರದಲ್ಲಿಯೂ ಶಸ್ತ್ರಚಿಕಿತ್ಸಕರು, ಫಿಜಿಷಿಯನ್, ಹೆರಿಗೆ ತಜ್ಞರು, ಮಕ್ಕಳ ತಜ್ಞರು ಮತ್ತು ಅರಿವಳಿಕೆ ತಜ್ಞರು ಜೊತೆಯಾಗಿ ಇರಬೇಕೆಂದು ರಾಷ್ಟ್ರೀಯ ಮಾನದಂಡ ಹೇಳುವುದು ಇದೇ ಕಾರಣಕ್ಕೆ. ಅರಿವಳಿಕೆ ತಜ್ಞರು ಇದ್ದು ಮಕ್ಕಳ ತಜ್ಞರಿಲ್ಲದಿದ್ದರೆ, ಅಥವಾ ಇಬ್ಬರೂ ಇದ್ದು ರಕ್ತ ಶೇಖರಣಾ ಘಟಕವಿಲ್ಲದಿದ್ದರೆ, ಅಪಾಯದ ಹೆರಿಗೆಯನ್ನು ಆ ಆಸ್ಪತ್ರೆ ಕೈಗೆತ್ತಿಕೊಳ್ಳುವುದಿಲ್ಲ. ಐದು ತಾಲ್ಲೂಕುಗಳಿಗೆ ಒಬ್ಬೊಬ್ಬರಂತೆ ಐವರು ಅರಿವಳಿಕೆ ತಜ್ಞರನ್ನು ಹಂಚಿದರೆ ಐದೂ ಕಡೆ ರಾತ್ರಿ ಸೇವೆ ಇರುವುದಿಲ್ಲ. ಅದೇ ಐವರನ್ನು ಒಂದೇ ಆಸ್ಪತ್ರೆಯಲ್ಲಿಟ್ಟು, ಉಳಿದ ತಾಲ್ಲೂಕುಗಳಿಂದ ಆಂಬುಲೆನ್ಸ್ ಬರುವ ವ್ಯವಸ್ಥೆಯನ್ನು ಬಿಗಿ ಮಾಡಿದರೆ ಅಲ್ಲಿ ರಾತ್ರಿ ಎರಡು ಗಂಟೆಗೂ ಸಿಸೇರಿಯನ್ ನಡೆಯುತ್ತದೆ. ತಮ್ಮ ಕ್ಷೇತ್ರದ ಆಸ್ಪತ್ರೆಯಿಂದ ಒಂದು ಹುದ್ದೆ ಹೋಗುವುದನ್ನು ಯಾವ ಜನಪ್ರತಿನಿಧಿಯೂ ಸುಲಭವಾಗಿ ಒಪ್ಪುವುದಿಲ್ಲ ಎಂಬುದು ಇಲ್ಲಿನ ತೊಡಕು. ಆದರೂ ನನ್ನ ಅಭಿಪ್ರಾಯದಲ್ಲಿ ತಕ್ಷಣ ಫಲ ಕೊಡುವ ದಾರಿ ಇದೇ.

ಉಳಿದ ದಾರಿಗಳೂ ಇವೆ. ಸರ್ಕಾರಿ ಸೇವೆಯಲ್ಲಿರುವ ಎಂಬಿಬಿಎಸ್ ವೈದ್ಯರಿಗೆ ಜೀವರಕ್ಷಕ ಅರಿವಳಿಕೆ ಕೌಶಲದಲ್ಲಿ ತರಬೇತಿ ಕೊಡುವ ಕಾರ್ಯಕ್ರಮ ಬಹಳ ಹಿಂದೆಯೇ ಆರಂಭವಾಗಿದೆ. ಆದರೆ ತರಬೇತಿ ಪಡೆದವರನ್ನು ಥಿಯೇಟರ್ ಇಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಮರಳಿ ಕಳುಹಿಸಿದರೆ ಕಲಿತ ಕೈ ಕೆಲವೇ ತಿಂಗಳಲ್ಲಿ ಹಿಂಜರಿಯತೊಡಗುತ್ತದೆ. ಎಂಬಿಬಿಎಸ್ ನಂತರದ ಎರಡು ವರ್ಷಗಳ ಡಿಪ್ಲೊಮಾವನ್ನು ರಾಷ್ಟ್ರೀಯ ಪರೀಕ್ಷಾ ಮಂಡಳಿ 2020ರಲ್ಲಿ ಆರಂಭಿಸಿತು. ಅರಿವಳಿಕೆ, ಹೆರಿಗೆ, ಮಕ್ಕಳ ವಿಭಾಗಗಳು ಅದರಲ್ಲಿ ಸೇರಿವೆ. ಜಿಲ್ಲಾ ಆಸ್ಪತ್ರೆಯಲ್ಲಿಯೇ ಕಲಿತ ವೈದ್ಯರಿಗೆ ಆ ಜಿಲ್ಲೆಯ ರೋಗಿಗಳ ಪರಿಚಯವಾಗಿರುತ್ತದೆ, ಅಲ್ಲಿ ಉಳಿಯುವ ಸಂಭವವೂ ಹೆಚ್ಚು. ಸೇವೆಯಲ್ಲಿರುವ ವೈದ್ಯರಿಗೆ ಸ್ನಾತಕೋತ್ತರ ಸೀಟುಗಳಲ್ಲಿ ಪ್ರತ್ಯೇಕ ಪ್ರವೇಶ ಮಾರ್ಗ ಕಲ್ಪಿಸುವ ಅಧಿಕಾರ ರಾಜ್ಯಗಳಿಗಿದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ತೀರ್ಪು ನೀಡಿದೆ.

ವೈದ್ಯಕೀಯ ಓದು ಮುಗಿಸಿದವರ ಕಡ್ಡಾಯ ಗ್ರಾಮೀಣ ಸೇವೆಯ ಬಗ್ಗೆಯೂ ಪತ್ರದಲ್ಲಿ ಕೇಳಿದ್ದೀರಿ. ನಮ್ಮ ರಾಜ್ಯದಲ್ಲಿ ಇದಕ್ಕೆ 2012ರ ಕಾಯ್ದೆಯೇ ಇದೆ. ಒಂದು ವರ್ಷದ ಮಟ್ಟಿಗೆ ಅದು ಖಾಲಿ ಜಾಗ ತುಂಬುತ್ತದೆ. ಆದರೆ ವರ್ಷ ಮುಗಿದ ದಿನವೇ ಹೊರಡಲು ಸಿದ್ಧರಾಗಿರುವವರಿಂದ ಆಸ್ಪತ್ರೆ ಕಟ್ಟಲು ಆಗುವುದಿಲ್ಲ. ಛತ್ತೀಸಗಢ 2009ರಲ್ಲಿ ಬೇರೆ ರೀತಿ ಯೋಚಿಸಿತು: ಆರೋಗ್ಯ ಕೇಂದ್ರಗಳನ್ನು ತಲುಪಲು ಎಷ್ಟು ಕಷ್ಟ ಎಂಬುದರ ಮೇಲೆ ವಿಂಗಡಿಸಿ, ಹೆಚ್ಚು ಕಷ್ಟದ ಜಾಗದಲ್ಲಿ ದುಡಿಯುವವರಿಗೆ ಹೆಚ್ಚಿನ ಭತ್ಯೆಯನ್ನೂ ಸ್ನಾತಕೋತ್ತರ ಪ್ರವೇಶದಲ್ಲಿ ಹೆಚ್ಚುವರಿ ಅಂಕಗಳನ್ನೂ ಕೊಡುವ ವ್ಯವಸ್ಥೆ ಮಾಡಿತು. ನಿಮ್ಮ ಜಿಲ್ಲೆಗೆ ಇನ್ನೊಂದು ಅನುಕೂಲವಿದೆ. ಸಂವಿಧಾನದ 371ಜೆ ವಿಧಿಯ ಅಡಿ ಕಲ್ಯಾಣ ಕರ್ನಾಟಕದ ಹುದ್ದೆಗಳಲ್ಲಿ ಸ್ಥಳೀಯರಿಗೆ ದೊಡ್ಡ ಪಾಲು ಮೀಸಲಾಗಿದ್ದು, ಅಲ್ಲಿನ ಮಕ್ಕಳಿಗೆ ವೈದ್ಯಕೀಯ ಸೀಟುಗಳೂ ಸಿಗುತ್ತಿವೆ. ಊರಿನಲ್ಲಿ ಮನೆ ಮತ್ತು ಬಂಧುಬಳಗ ಇರುವ ವೈದ್ಯರೇ ಕೊನೆಗೂ ನಿಲ್ಲುತ್ತಾರೆ. ಅವರಿಗೆ ವಾಸಯೋಗ್ಯ ವಸತಿಗೃಹ, ಜೊತೆಗಾರ ವೈದ್ಯರು ಮತ್ತು ಓದು ಮುಂದುವರಿಸುವ ಅವಕಾಶ ಸಿಗಬೇಕು, ಅಷ್ಟೆ.

ಪ್ರಶ್ನೆ: ನಾನು ಖಾಸಗಿ ಆಸ್ಪತ್ರೆಯೊಂದರಲ್ಲಿ ಶುಶ್ರೂಷಕಿ. 34 ಹಾಸಿಗೆಯ ವಾರ್ಡಿಗೆ ರಾತ್ರಿ ಇಬ್ಬರೇ ಇರುತ್ತೇವೆ. ನಿಯಮದ ಪ್ರಕಾರವೇ ನೇಮಿಸಿದ್ದೇವೆ ಎಂದು ಆಡಳಿತದವರು ಹೇಳುತ್ತಾರೆ. ನಿಯಮ ನಿಜವಾಗಿ ಏನು ಹೇಳುತ್ತದೆ? (ಹುಬ್ಬಳ್ಳಿಯ ಓದುಗರು)

ಭಾರತೀಯ ಶುಶ್ರೂಷಾ ಪರಿಷತ್ತಿನ ಶಿಫಾರಸಿನಂತೆ ಬೋಧಕ ಆಸ್ಪತ್ರೆಗಳಲ್ಲಿ ಮೂವರು ರೋಗಿಗಳಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು, ಇದರ ಮೇಲೆ ರಜೆಯ ಬದಲಿಗಾಗಿ ಶೇ 30ರಷ್ಟು ಹೆಚ್ಚುವರಿ ಸಿಬ್ಬಂದಿ ಇರಬೇಕು. ತೀವ್ರ ನಿಗಾ ಘಟಕದಲ್ಲಿ ವೆಂಟಿಲೇಟರ್ ಮೇಲಿರುವ ಪ್ರತಿ ರೋಗಿಗೆ ಒಬ್ಬರು ಬೇಕೆಂಬುದು ಎಲ್ಲರೂ ಒಪ್ಪಿದ ಪದ್ಧತಿ.

ಗೊಂದಲವಿರುವುದು ಈ ಲೆಕ್ಕವನ್ನು ಓದುವ ಬಗೆಯಲ್ಲಿ. ಐವರಿಗೆ ಒಬ್ಬರು ಎಂಬುದನ್ನು ಇಡೀ ವಾರ್ಡಿನ ಒಟ್ಟು ನೇಮಕಾತಿ ಎಂದು ಓದಿದರೆ 34 ಹಾಸಿಗೆಗೆ 7 ಮಂದಿ, ರಜೆಯ ಬದಲಿಯೂ ಸೇರಿದರೆ 9 ಮಂದಿ ಸಾಕಾಗುತ್ತಾರೆ. ಅವರನ್ನು ಮೂರು ಪಾಳಿಗೆ ಹಂಚಿ, ಹಗಲಿಗೆ ಒಬ್ಬರನ್ನು ಹೆಚ್ಚಾಗಿ ಹಾಕಿ, ವಾರದ ರಜೆಯವರನ್ನು ಕಳೆದರೆ ರಾತ್ರಿಗೆ ಉಳಿಯುವವರು ಇಬ್ಬರೇ. ನಿಮ್ಮ ಆಡಳಿತದವರು ಹೇಳುವ ನಿಯಮ ಇದೇ ಇರಬೇಕು. ಆದರೆ ರೋಗಿಯ ಕಡೆಯಿಂದ ನೋಡಿದರೆ ಐವರಿಗೆ ಒಬ್ಬರು ಎಂಬ ಮಾತಿಗೆ ಪ್ರತಿ ಪಾಳಿಯಲ್ಲಿಯೂ ಎಂಬ ಅರ್ಥ ಮಾತ್ರ ಇರಲು ಸಾಧ್ಯ. ಒಂದು ಜಾಗದಲ್ಲಿ ಮೂರೂ ಪಾಳಿ ನಡೆಯಲು ವರ್ಷಕ್ಕೆ 1,095 ಪಾಳಿಗಳು ತುಂಬಬೇಕು. ವಾರದ ರಜೆ 52, ಗಳಿಕೆ ರಜೆ 30, ಹಬ್ಬದ ರಜೆ, ಸಾಂದರ್ಭಿಕ ರಜೆ ಮತ್ತು ತರಬೇತಿಗೆ ಇನ್ನೊಂದು 30 ದಿನ ಕಳೆದರೆ ಒಬ್ಬರು ವರ್ಷಕ್ಕೆ ದುಡಿಯುವುದು ಸುಮಾರು 253 ದಿನ. ಅಂದರೆ ಒಂದು ಜಾಗಕ್ಕೆ ನಾಲ್ವರಿಗಿಂತ ಹೆಚ್ಚು ಜನ ಬೇಕು. ಪ್ರತಿ ಪಾಳಿಗೆ 7 ಮಂದಿ ಎಂದಾದರೆ ನಿಮ್ಮ ವಾರ್ಡಿಗೆ ಬೇಕಾದವರು 30 ಮಂದಿ. ಒಂಬತ್ತಕ್ಕೂ ಮೂವತ್ತಕ್ಕೂ ನಡುವಿನ ಈ ಅಂತರವನ್ನು ರಾತ್ರಿಯಿಡೀ ನೀವಿಬ್ಬರೂ ನಡೆದು ತುಂಬುತ್ತಿದ್ದೀರಿ.

ಆ ನಡಿಗೆ ಹೇಗಿರುತ್ತದೆಂಬುದು ಇತರ ಓದುಗರಿಗೂ ತಿಳಿಯಬೇಕು. ಬೆಳಗಿನ ಜಾವ ಎಲ್ಲ ರೋಗಿಗಳ ರಕ್ತದೊತ್ತಡ, ನಾಡಿ, ಜ್ವರ ನೋಡಿ ಕೇಸ್ ಶೀಟಿನಲ್ಲಿ ಬರೆಯಬೇಕು. ತಲಾ ಐದು ನಿಮಿಷವೆಂದರೂ 34 ಜನರಿಗೆ 170 ನಿಮಿಷ, ಅಂದರೆ ಹತ್ತಿರ ಹತ್ತಿರ ಮೂರು ಗಂಟೆ. ಅದೇ ಹೊತ್ತಿಗೆ ರಕ್ತ ಪರೀಕ್ಷೆಗೆ ಮಾದರಿ ತೆಗೆಯಬೇಕು, ಸಕ್ಕರೆ ಕಾಯಿಲೆಯವರಿಗೆ ಊಟಕ್ಕೆ ಮುಂಚಿನ ಇನ್ಸುಲಿನ್ ಕೊಡಬೇಕು, ಮೂತ್ರದ ಚೀಲ ಖಾಲಿ ಮಾಡಿ ಅಳತೆ ಬರೆಯಬೇಕು, ಖಾಲಿಯಾದ ಡ್ರಿಪ್ ಬಾಟಲಿ ಬದಲಿಸಬೇಕು, ಆಪರೇಷನ್‌ಗೆ ಹೋಗುವವರನ್ನು ಸಿದ್ಧಪಡಿಸಬೇಕು. ನಡುವೆ ಒಬ್ಬ ರೋಗಿಯನ್ನು ಸ್ಕ್ಯಾನಿಂಗ್‌ಗೆ ಕರೆದೊಯ್ಯಬೇಕಾದರೆ ಉಳಿದ 33 ಜನರಿಗೆ ಒಬ್ಬರೇ. ಔಷಧದ ಪ್ರಮಾಣ ತಪ್ಪುವುದು, ಉಸಿರಾಟ ಕೆಡುತ್ತಿರುವುದು ಗಮನಕ್ಕೆ ಬಾರದೆ ಹೋಗುವುದು ಇಂಥ ಹೊತ್ತಿನಲ್ಲಿಯೇ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಪರಿಶೀಲಿಸಿ ಲಿಂಡಾ ಏಕನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ಶುಶ್ರೂಷಕಿಯ ಪಾಲಿಗೆ ಹೆಚ್ಚಾಗಿ ಬರುವ ಪ್ರತಿಯೊಬ್ಬ ರೋಗಿಯೊಂದಿಗೆ ಶಸ್ತ್ರಚಿಕಿತ್ಸೆಯಾದವರು ಮೂವತ್ತು ದಿನಗಳೊಳಗೆ ಸಾಯುವ ಸಂಭವ ಶೇ 7ರಷ್ಟು ಹೆಚ್ಚುತ್ತದೆಂದು ಕಂಡುಬಂದಿತ್ತು. ಕ್ಯಾಲಿಫೋರ್ನಿಯಾ ರಾಜ್ಯ 2004ರಿಂದ ಈ ಅನುಪಾತವನ್ನು ಕಾನೂನಾಗಿಯೇ ಜಾರಿಗೆ ತಂದಿದೆ. ನಮ್ಮಲ್ಲಿ ಅದು ಇನ್ನೂ ಶಿಫಾರಸಿನ ಹಂತದಲ್ಲಿಯೇ ಇದೆ, ಹಾಗೆ ಉಳಿದಿರುವುದು ತಪ್ಪು.

ನೀವು ಮಾಡಬಹುದಾದದ್ದು: ಪ್ರತಿ ರಾತ್ರಿ ವಾರ್ಡಿನಲ್ಲಿದ್ದ ರೋಗಿಗಳ ಸಂಖ್ಯೆ, ಪಾಳಿಯಲ್ಲಿದ್ದವರ ಸಂಖ್ಯೆ ಮತ್ತು ಸಮಯಕ್ಕೆ ಆಗದೆ ಉಳಿದ ಕೆಲಸಗಳನ್ನು ವರದಿ ಪುಸ್ತಕದಲ್ಲಿ ಬರೆದಿಡಿ. ತಿಂಗಳಿಗೊಮ್ಮೆ ಶುಶ್ರೂಷಾ ಅಧೀಕ್ಷಕಿಯವರ ಮೂಲಕ ಲಿಖಿತವಾಗಿ ಆಡಳಿತಕ್ಕೆ ಕೊಡಿ, ಒಬ್ಬರೇ ಅಲ್ಲ, ಎಲ್ಲರೂ ಸಹಿ ಮಾಡಿ. ಆಸ್ಪತ್ರೆಗೆ ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದ್ದರೆ ಸಿಬ್ಬಂದಿ ಯೋಜನೆಯನ್ನೂ ಅವಘಡಗಳ ದಾಖಲೆಯನ್ನೂ ಅದು ತೋರಿಸಲೇಬೇಕಾಗುತ್ತದೆ. ವೇತನದ ಪ್ರಶ್ನೆಗೂ ಆಧಾರವಿದೆ: 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ರಚನೆಯಾದ ಸಮಿತಿಯು 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿಯೂ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಇರಬೇಕು, 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ ಸರ್ಕಾರಿ ವೇತನಕ್ಕೆ ಸಮನಾಗಿರಬೇಕು ಎಂದು ಶಿಫಾರಸು ಮಾಡಿತು. ಅದನ್ನು ಜಾರಿಗೊಳಿಸುವ ಹೊಣೆ ರಾಜ್ಯಗಳ ಮೇಲಿದೆ.

ಪ್ರಶ್ನೆ: ನನ್ನ ಮಗ ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿ. ಒಮ್ಮೊಮ್ಮೆ 36 ಗಂಟೆ ಸತತ ಡ್ಯೂಟಿ ಮಾಡಿ ಬರುತ್ತಾನೆ. ಈಚೆಗೆ ರೋಗಿಯ ಕಡೆಯವರು ಅವನ ಕಾಲರ್ ಹಿಡಿದರಂತೆ. ಇದನ್ನು ತಡೆಯುವ ಕಾನೂನು ಇಲ್ಲವೇ? (ಶಿವಮೊಗ್ಗದ ತಾಯಿಯೊಬ್ಬರು)

ಅಮ್ಮ, ಕಾಗದದ ಮೇಲೆ ಇದೆ. ಕೇಂದ್ರ ಸರ್ಕಾರದ 1992ರ ರೆಸಿಡೆನ್ಸಿ ಯೋಜನೆಯ (ಆಸ್ಪತ್ರೆಯಲ್ಲಿ ದುಡಿಯುತ್ತಲೇ ಕಲಿಯುವ ಕಿರಿಯ ವೈದ್ಯರ ವ್ಯವಸ್ಥೆ) ಸೂಚನೆಯಲ್ಲಿಯೇ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಇತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಾವಳಿ ಸಮಂಜಸವಾದ ಕೆಲಸದ ಅವಧಿ ಮತ್ತು ವಾರಕ್ಕೊಂದು ರಜೆ ಎನ್ನುತ್ತದೆ. ಅದೇ ಆಯೋಗ ರಚಿಸಿದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ ಮೀರಬಾರದು, ಸತತವಾಗಿ 24 ಗಂಟೆಗಿಂತ ಹೆಚ್ಚು ದುಡಿಸಬಾರದು ಎಂದು ಶಿಫಾರಸು ಮಾಡಿತು. 1992ರ 48 ಗಂಟೆ 2024ಕ್ಕೆ 74 ಆಗಿರುವುದನ್ನು ನೀವೇ ಗಮನಿಸಿ. ಸಮಂಜಸ ಎಂಬ ಪದಕ್ಕೆ ಸಂಖ್ಯೆ ಕೊಡದಿದ್ದರೆ ಪ್ರತಿ ವಿಭಾಗದ ಮುಖ್ಯಸ್ಥರೂ ತಮ್ಮದೇ ಅರ್ಥ ಹಚ್ಚಿಕೊಳ್ಳುತ್ತಾರೆ.

ಹಲ್ಲೆಯ ವಿಷಯದಲ್ಲಿ ಕರ್ನಾಟಕಕ್ಕೆ 2009ರಿಂದಲೂ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯುವ ಪ್ರತ್ಯೇಕ ಕಾಯ್ದೆ ಇದೆ. ಇದು ಜಾಮೀನುರಹಿತ ಅಪರಾಧ. ದೂರು ಕೊಡುವ ಕೆಲಸವನ್ನು ನಿಮ್ಮ ಮಗನ ಮೇಲೆ ಹಾಕದೆ ಆಸ್ಪತ್ರೆಯೇ ಮಾಡಬೇಕು. ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕಿರಿಯ ವೈದ್ಯೆಯೊಬ್ಬರ ಅತ್ಯಾಚಾರ ಮತ್ತು ಕೊಲೆ ನಡೆದ ನಂತರ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ರಾಷ್ಟ್ರೀಯ ಕಾರ್ಯಪಡೆ ರಚಿಸಿದಾಗ, ರಾತ್ರಿ ಡ್ಯೂಟಿಯವರಿಗೆ ವಿಶ್ರಾಂತಿ ಕೊಠಡಿ, ಪ್ರತ್ಯೇಕ ಶೌಚಾಲಯ, ಸಿಸಿಟಿವಿಯಂಥ ತೀರ ಮೂಲಭೂತ ಸೌಕರ್ಯಗಳನ್ನು ನ್ಯಾಯಾಲಯವೇ ಪಟ್ಟಿ ಮಾಡಿ ಹೇಳಬೇಕಾಯಿತು. ಜಗಳಗಳು ಹುಟ್ಟುವುದು ಬಹುತೇಕ ಮಾಹಿತಿ ಸಿಗದಿದ್ದಾಗ. ತುರ್ತು ವಿಭಾಗದಲ್ಲಿ ರೋಗಿಯ ಸ್ಥಿತಿಯನ್ನು ಮನೆಯವರಿಗೆ ಆಗಾಗ ತಿಳಿಸುವುದಕ್ಕೆಂದೇ ಒಬ್ಬರನ್ನು ಇಟ್ಟರೆ ಕಿರಿಯ ವೈದ್ಯರ ಮೇಲಿನ ಒತ್ತಡ ಎಷ್ಟೋ ಇಳಿಯುತ್ತದೆ.

ಮಗ ನಿದ್ದೆಗೆಟ್ಟು ಮಂಕಾಗಿರುತ್ತಾನೆ ಎಂದೂ ಬರೆದಿದ್ದೀರಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲಿಯೂ ಲಭ್ಯ. ಅವನೊಡನೆ ಕುಳಿತು ಮಾತನಾಡಿ, ಈ ಸಂಖ್ಯೆಯನ್ನು ಅವನಿಗೆ ಕೊಡಿ.

ಪ್ರಶ್ನೆ: ನಮ್ಮದು 50 ಹಾಸಿಗೆಯ ಆಸ್ಪತ್ರೆ. ಕಲಿಸಿ ಸಿದ್ಧಪಡಿಸಿದ ಶುಶ್ರೂಷಕಿಯರು ವರ್ಷದೊಳಗೆ ಬೆಂಗಳೂರಿಗೋ ವಿದೇಶಕ್ಕೋ ಹೊರಟುಹೋಗುತ್ತಾರೆ. ಬಾಂಡ್ ಬರೆಸಿಕೊಳ್ಳಬಹುದೇ? (ಹಾಸನದ ವೈದ್ಯರು)

ಬೇಡ. ಮೂಲ ಪ್ರಮಾಣಪತ್ರಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಪದ್ಧತಿ ಕೆಲವೆಡೆ ಇದೆ. ಅದು ಅನ್ಯಾಯ, ಮತ್ತು ಹಾಗೆ ಕಟ್ಟಿಹಾಕಿದವರು ಮನಸ್ಸಿಟ್ಟು ಕೆಲಸ ಮಾಡುವುದೂ ಇಲ್ಲ. ಜರ್ಮನಿ, ಕೊಲ್ಲಿ ರಾಷ್ಟ್ರಗಳು ಕೊಡುವ ಸಂಬಳದ ಜೊತೆ ನೀವು ಸ್ಪರ್ಧಿಸಲಾರಿರಿ. ಆದರೆ ಹೊರಡುವವರೆಲ್ಲರೂ ಸಂಬಳಕ್ಕಾಗಿಯೇ ಹೊರಡುವುದಿಲ್ಲ. ನಾಳೆಯ ಪಾಳಿ ಯಾವುದೆಂದು ಇಂದು ಸಂಜೆ ತಿಳಿಯುವ ಆಸ್ಪತ್ರೆಯಲ್ಲಿ ಮಗುವಿರುವ ತಾಯಿ ಎಷ್ಟು ದಿನ ಇರಬಲ್ಲಳು? ತಿಂಗಳ ಪಾಳಿ ಪಟ್ಟಿಯನ್ನು ಹಿಂದಿನ ತಿಂಗಳ 20ನೇ ತಾರೀಖಿಗೆ ಅಂಟಿಸಿ, ಅದನ್ನು ಮುರಿಯಬೇಡಿ. ರಾತ್ರಿ ಪಾಳಿಗೆ ಪ್ರತ್ಯೇಕ ಭತ್ಯೆ ಕೊಡಿ. ಸಂಜೆ ಪಾಳಿ ಮುಗಿಸಿದವರನ್ನು ಮನೆಗೆ ತಲುಪಿಸಲು ವಾಹನ ಇಡಿ. ಹೊಸದಾಗಿ ಬಂದವರನ್ನು ಮೊದಲ ಮೂರು ತಿಂಗಳು ಒಬ್ಬ ಅನುಭವಿಯ ಜೊತೆಗೇ ಹಾಕಿ, ಮೊದಲ ವಾರವೇ ಒಂಟಿಯಾಗಿ ರಾತ್ರಿ ಪಾಳಿಗೆ ದೂಡಬೇಡಿ. ಎರಡು ವರ್ಷ ಉಳಿದವರಿಗೆ ಡಯಾಲಿಸಿಸ್, ಥಿಯೇಟರ್, ಸೋಂಕು ನಿಯಂತ್ರಣದಲ್ಲಿ ತರಬೇತಿ ಕೊಡಿಸಿ, ಆ ಜವಾಬ್ದಾರಿಗೆ ತಕ್ಕ ಪದನಾಮ ಮತ್ತು ಸಂಬಳ ಕೊಡಿ. 26 ವಾರಗಳ ಹೆರಿಗೆ ರಜೆ ಕಾನೂನಿನಲ್ಲಿಯೇ ಇದೆ. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಮಕ್ಕಳ ಪಾಲನಾ ಕೇಂದ್ರವೂ 2017ರ ತಿದ್ದುಪಡಿಯಿಂದ ಕಡ್ಡಾಯ. ನಿಮ್ಮ ಗಾತ್ರದ ಆಸ್ಪತ್ರೆ ಆ ಮಿತಿಯೊಳಗೆ ಬರುವ ಸಂಭವವೇ ಹೆಚ್ಚು. ರೋಗಿಗಳೆದುರು ಶುಶ್ರೂಷಕಿಯರನ್ನು ಗದರಿಸುವ ವೈದ್ಯರು ನಿಮ್ಮಲ್ಲಿದ್ದರೆ ಮೊದಲು ಅವರೊಡನೆ ಮಾತನಾಡಿ.

ಪ್ರಶ್ನೆ: ಆಶಾ ಕಾರ್ಯಕರ್ತೆಯರನ್ನು ಸರ್ಕಾರ ನೌಕರರೆಂದು ಏಕೆ ಒಪ್ಪುವುದಿಲ್ಲ? (ಚಿತ್ರದುರ್ಗದ ಓದುಗರು)

ಯೋಜನೆ ಆರಂಭವಾದಾಗಿನಿಂದ ಅವರನ್ನು ಗೌರವಧನ ಮತ್ತು ಪ್ರೋತ್ಸಾಹಧನ ಪಡೆಯುವ ಸ್ವಯಂಸೇವಕಿಯರೆಂದೇ ಪರಿಗಣಿಸಲಾಗಿದೆ. ನೌಕರರೆಂದು ಒಪ್ಪಿದರೆ ವೇತನ ಶ್ರೇಣಿ, ಭವಿಷ್ಯನಿಧಿ, ನಿವೃತ್ತಿ ಸೌಲಭ್ಯಗಳ ಹೊಣೆ ಬರುತ್ತದೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅಹೋರಾತ್ರಿ ಧರಣಿ ನಡೆದ ಮೇಲೆ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುವುದಾಗಿ ರಾಜ್ಯ ಸರ್ಕಾರ ಭರವಸೆ ಕೊಟ್ಟಿತು. ಗರ್ಭಿಣಿಯರ ನೋಂದಣಿ, ಬಾಣಂತಿಯರ ಭೇಟಿ, ಲಸಿಕೆ, ಕ್ಷಯರೋಗಿಗಳ ಮನೆಗೆ ಮಾತ್ರೆ ಎಲ್ಲವೂ ಯಾರ ಮೇಲೆ ನಿಂತಿದೆಯೋ ಅವರನ್ನು ಸ್ವಯಂಸೇವಕಿಯರೆಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: ನಾನು ನಮ್ಮ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಸದಸ್ಯ. ನೇಮಕಾತಿ ನಮ್ಮ ಕೈಯಲ್ಲಿಲ್ಲ. ಹಾಗಿದ್ದರೆ ನಾವು ಏನು ಮಾಡಬಹುದು? (ಕೊಪ್ಪಳ ಜಿಲ್ಲೆಯ ಓದುಗರು)

ಮೊದಲು ಮೂರು ಸಂಖ್ಯೆಗಳನ್ನು ಪಡೆಯಿರಿ: ಮಂಜೂರಾದ ಹುದ್ದೆಗಳು, ಭರ್ತಿಯಾದ ಹುದ್ದೆಗಳು, ನಿಮ್ಮಲ್ಲಿ ಸಂಬಳ ಪಡೆಯುತ್ತ ನಿಯೋಜನೆಯ ಮೇಲೆ ಬೇರೆಡೆ ಕೆಲಸ ಮಾಡುತ್ತಿರುವವರು. ಮೂರನೆಯ ಸಂಖ್ಯೆ ಹಲವು ಕಡೆ ಕಣ್ಣು ತೆರೆಸುತ್ತದೆ. ಕಡತದಲ್ಲಿ ಭರ್ತಿಯಾಗಿರುವ ಹುದ್ದೆಯ ಕುರ್ಚಿ ವರ್ಷಗಟ್ಟಲೆ ಖಾಲಿ ಇರುತ್ತದೆ. ಆಮೇಲೆ ಸಮಿತಿಗೆ ಬರುವ ಹಣದಲ್ಲಿ ಆಗುವ ಕೆಲಸ ಹಿಡಿಯಿರಿ. ವಸತಿಗೃಹದ ಸೋರುವ ಚಾವಣಿ, ನೀರಿನ ಮೋಟರ್, ಡ್ಯೂಟಿ ಕೊಠಡಿಯ ಬಾಗಿಲಿನ ಚಿಲಕ, ಆವರಣದ ದೀಪಗಳ ದುರಸ್ತಿಗೆ ಸಭೆಯಲ್ಲಿ ನಿರ್ಣಯ ಮಾಡಿದರೆ ಸಾಕು. ಹೊರಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿಗೆ ಸಂಬಳ ಪ್ರತಿ ತಿಂಗಳೂ ಸಿಗುತ್ತಿದೆಯೇ, ಭವಿಷ್ಯನಿಧಿ ಮತ್ತು ಇಎಸ್‌ಐ ಕಟ್ಟಲಾಗುತ್ತಿದೆಯೇ ಎಂದು ಪ್ರತಿ ಸಭೆಯಲ್ಲಿಯೂ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಅವರು ಕೆಲಸಕ್ಕೆ ಬಾರದ ದಿನ ಥಿಯೇಟರ್ ತೊಳೆಯುವವರಿಲ್ಲದೆ ಆಪರೇಷನ್‌ಗಳು ಮುಂದಕ್ಕೆ ಹೋಗುತ್ತವೆ.

ಸಮಿತಿಗೆ ಮಾಹಿತಿ ಕೊಡಲು ಅಧಿಕಾರಿಗಳು ಹಿಂದೇಟು ಹಾಕಿದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಕೊಡಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದಗಳನ್ನು ಮೀರಬಾರದು. ಆದ್ದರಿಂದ ಹುದ್ದೆಗಳ ವಿವರವನ್ನು ಒಂದು ಅರ್ಜಿಯಲ್ಲಿಯೂ ಹೊರಗುತ್ತಿಗೆ ಪಾವತಿಯ ವಿವರವನ್ನು ಇನ್ನೊಂದರಲ್ಲಿಯೂ ಕೇಳಿ. ಎರಡನ್ನೂ ಒಟ್ಟಿಗೆ ಬರೆದರೆ ಅದನ್ನೇ ಕಾರಣ ಮಾಡಿ ಅರ್ಜಿಯನ್ನು ಹಿಂತಿರುಗಿಸುತ್ತಾರೆ.